ಹುಬ್ಬಿನ ಮೇಲಿನ ಹಳದಿ ಗಂಟು

ಅಂಗಡಿಯಿಂದ
ಮಂಗಳವಾರ, ತಾರೀಖು ಏಳು

ಮಗಳೇ,

ಆಶೀರ್ವಾದ. ಸಿಟ್ಟಿದೆ, ಆದರೂ ಆಶೀರ್ವಾದ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕತ್ತರಿ ಹಿಡಿದವನ ಕೈಗೆ ಈಗ ಪೆನ್ನು ಹಿಡಿಸಿದ್ದೀಯ. ಅಕ್ಷರ ಅಂಕುಡೊಂಕಾಗಿದ್ದರೆ ಅದು ನಿನ್ನ ತಪ್ಪು.

ಹೌದು, ನಿನ್ನ ಮಗಳು ಚಿನಕುರುಳಿಯ ಮುಂಗೂದಲು ಕತ್ತರಿಸಿದವನು ನಾನೇ. ಅವಳ ಹುಬ್ಬಿನ ಮೇಲಿನ ಹಳದಿ ಗಂಟು ಯಾರಿಗೂ ಕಾಣದಿರಲಿ ಅಂತ ನೀನು ವರ್ಷವಿಡೀ ಬೆಳೆಸಿದ ಕೂದಲು. ನನ್ನ ಕುರ್ಚಿಗೆ ಅಡ್ಡ ಹಲಗೆ ಇಟ್ಟು, ಮೊಮ್ಮಗಳನ್ನು ಕೂರಿಸಿ ಕತ್ತರಿಸಿದೆ. "ಊರೆಲ್ಲ ನೋಡೋ ಹಾಗೆ ಮಾಡಿಬಿಟ್ಯಲ್ಲಪ್ಪಾ" ಅಂತ ನೀನು ಗಿರಾಕಿಗಳ ಎದುರೇ ಕೂಗಾಡಿದೆ. ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡಿದ್ದವನೂ ಎದ್ದು ಹೋಗಲು ನೋಡಿದ. ಆಯಿತು, ತಪ್ಪು ನನ್ನದೇ ಅಂತಿರಲಿ.

ಆದರೆ ನಿನ್ನ ಗಂಡ ಹೇಳಿದ್ದು ಕೇಳಿ ಮೈಯೆಲ್ಲ ಉರಿಯಿತು. ಶಿಶುವಿಹಾರದಲ್ಲಿ ಯಾವಳೋ ತಾಯಿ "ಅಂಟಿಕೊಂಡ್ರೆ?" ಅಂತ ತನ್ನ ಮಗನನ್ನು ಪಕ್ಕಕ್ಕೆ ಎಳೆದುಕೊಂಡಳಂತೆ. ಅದಕ್ಕೆ ನೀನು ಇಪ್ಪತ್ತನೇ ತಾರೀಖು ಗಂಟನ್ನು ಕತ್ತರಿಸಿ ತೆಗೆಸುತ್ತೀಯಂತೆ! ಹೊಲಿಗೆ ಹಾಕಬೇಕಾದ್ದು ಅವಳ ಬಾಯಿಗೆ, ನೀನು ನಮ್ಮ ಕೂಸಿನ ಹಣೆಗೆ ಹಾಕಿಸುತ್ತೀಯಾ?

ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಹೇಳುವಾಗ ನಾನೂ ಪಕ್ಕದಲ್ಲೇ ಇದ್ದೆ. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ, ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ತಾನಾಗಿಯೇ ಕರಗುತ್ತದೆ, ಕತ್ತರಿಸಿದರೆ ಕಲೆ ಉಳಿಯುತ್ತದೆ ಅಂದರು. ನೀನು ತಲೆಯಾಡಿಸಿದೆ. ಆ ತಲೆ ಈಗ ಎಲ್ಲಿಟ್ಟಿದ್ದೀಯ? ಕತ್ತರಿಸಲು ಒಪ್ಪುವ ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದೀಯ.

ಚೂರು ತೆಗೆದ ದಿನ ಕೂಸು ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದದ್ದು ನಿನಗೆ ಗೊತ್ತಿಲ್ಲ. ನೀನು ಬಾಗಿಲಾಚೆ ಅಳುತ್ತಿದ್ದೆ. ಸುಮ್ಮಸುಮ್ಮನೆ ಅವಳನ್ನು ಇನ್ನೊಮ್ಮೆ ಆ ಮೇಜಿನ ಮೇಲೆ ಮಲಗಿಸಲು ನಾನು ಬಿಡುವುದಿಲ್ಲ.

ಆ ತಾರೀಖು ರದ್ದು ಮಾಡು. ಶಿಶುವಿಹಾರಕ್ಕೆ ನಾನೇ ಬಂದು ಆ ತಾಯಿಗೆ ತಿಳಿಸಿ ಹೇಳುತ್ತೇನೆ. ಬೈಯುವುದಿಲ್ಲ. ಬೈಯದಿರಲು ನೋಡುತ್ತೇನೆ.

ಇಂತಿ,
ಯಾರ ಫೋನನ್ನು ನೀನು ಎತ್ತುವುದಿಲ್ಲವೋ ಆ ನಿನ್ನ ಅಪ್ಪ

ತಾ.ಕ.: ಇದು ಬರೆಯಲು ಮರೆತದ್ದಲ್ಲ, ಮುಚ್ಚಿಟ್ಟದ್ದು. ಕೂದಲು ಕತ್ತರಿಸು ಅಂದವಳು ಚಿನಕುರುಳಿಯೇ. "ಕಣ್ಣಿಗೆ ಬರುತ್ತೆ ತಾತಾ, ಚೆಂಡು ಬರೋದೇ ಕಾಣಲ್ಲ. ಅಮ್ಮಂಗೆ ಹೇಳಬೇಡ, ಅಳ್ತಾಳೆ" ಅಂದಳು. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಅವಳನ್ನು ಬೈದರೆ ನೋಡು. ಹದಿನೈದನೇ ತಾರೀಖಿನೊಳಗೆ ಉತ್ತರ ಬರಬೇಕು.