ಹಿಂದಿನ ಸೀಟಿನ ಗ್ಲಾಸ್

ಬಂಟ್ವಾಳ
12-2-2006

ತಮ್ಮ ಅಝೀಮ್‌ಗೆ ಅಕ್ಕನ ಸಲಾಂ.

ದಮ್ಮಾಮಿನಲ್ಲಿ ಚಳಿ ಬಿಟ್ಟಿತಾ? ನಿನ್ನ ಕೆಮ್ಮು ಹೇಗುಂಟು? ರಾತ್ರಿ ಮೊಸರು ತಿನ್ನಬೇಡ. ಅಲ್ಲಾಹನ ಕೃಪೆಯಿಂದ ನನ್ನ ಮಗಳು ರಾಫಿಯಾ ಗಂಡು ಹೆತ್ತಿದ್ದಾಳೆ. ಹಟದಲ್ಲಿ ಮಗು ಥೇಟ್ ನಿನ್ನ ಹಾಗೆ.

ನೀನು ಬಿಟ್ಟುಹೋದ ಕಾರಿನ ಸುದ್ದಿ ಬರೆಯಬೇಕು. ನಮ್ಮನ್ನು ಹೆತ್ತ ಉಮ್ಮ ದಮ್ಮು ಹೆಚ್ಚಾಗಿ ತೀರಿಕೊಂಡ ಮೇಲೆ, ಅವರು ಕೂರುತ್ತಿದ್ದ ಹಿಂದಿನ ಸೀಟಿನಿಂದ "ಗ್ಲಾಸ್ ಇಳಿಸು ಅಝೀ, ಉಸಿರು ಕಟ್ತದೆ" ಎಂಬ ಸ್ವರ ಕೇಳುತ್ತದೆ, ಅವರ ಸಿಟ್ಟು ಇನ್ನೂ ಹೋಗಿಲ್ಲ ಎಂದು ನೀನು ಅತ್ತಿದ್ದೆ. ಆ ಹೆದರಿಕೆಗೇ ಅಲ್ಲವಾ, ರಜೆ ಸಿಕ್ಕಿದರೂ ಊರಿಗೆ ಬಾರದ್ದು?

ಕಳೆದ ವಾರ ಮೂಡುಬಿದಿರೆಯ ಆಸ್ಪತ್ರೆಯಿಂದ ರಾಫಿಯಾಳನ್ನೂ ಮಗುವನ್ನೂ ಅದೇ ಕಾರಿನಲ್ಲಿ ಕರೆತಂದೆವು. ಬಾಣಂತಿಗೆ ಗಾಳಿ ತಾಗಬಾರದಲ್ಲ, ನಾನೇ ಗ್ಲಾಸುಗಳನ್ನೆಲ್ಲ ಏರಿಸಿದೆ. ಸ್ಟಿಯರಿಂಗಿನ ಎದುರು ಎಂಜಿನಿನ ಹಳದಿ ದೀಪ ಉರಿಯುತ್ತಿತ್ತು. "ಅದು ಯಾವಾಗಲೂ ಉರಿಯುವುದೇ" ಎಂದು ಕಾರು ಓಡಿಸುತ್ತಿದ್ದ ನಿನ್ನ ಭಾವ ಅದನ್ನು ಅಷ್ಟಕ್ಕೇ ಬಿಟ್ಟರು. ಸಿದ್ದಕಟ್ಟೆ ದಾಟುವಾಗ ನನಗೆ ತಲೆ ಭಾರ, ಕಣ್ಣಿಗೆ ಮಂಪರು. ಹಿಂದಿನಿಂದ ರಾಫಿಯಾ ಮೆಲ್ಲ, "ಉಮ್ಮಾ, ಗ್ಲಾಸ್ ಇಳಿಸು ಅಂತ ಅಜ್ಜಿ ಹೇಳ್ತಾರೆ" ಎಂದಳು.  ಹೆದರಿ, ಕಾವಲಿಗೆಂದು ಕುರ್‌ಆನಿನ ಆಯತುಲ್ ಕುರ್ಸಿ ಓದಲು ಹೊರಟರೆ ನಾಲಿಗೆ ತಿರುಗುತ್ತಿಲ್ಲ. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ತೂಕಡಿಸುತ್ತಿದ್ದ ಭಾವ ಬೆಚ್ಚಿ ಬ್ರೇಕ್ ಹಾಕಿದರು. ಬಾಗಿಲು ತೆರೆದು ನೋಡಿದರೆ ರಾಫಿಯಾಳಿಗೆ ಪ್ರಜ್ಞೆಯೇ ಇಲ್ಲ. ರಸ್ತೆ ಬದಿಯಲ್ಲಿ ಮಲಗಿಸಿ ಗಾಳಿ ಹಾಕಿದ ಮೇಲೆ ಕಣ್ಣು ಬಿಟ್ಟಳು.

ನೆರೆಯವರು ಕಾರಿಗೆ ನೂಲು ಮಂತ್ರಿಸಿ ಕಟ್ಟಿಸಿ ಎಂದರು. ಭಾವ ಅದನ್ನು ಬಿ.ಸಿ.ರೋಡಿಗೆ, ಮೆಕ್ಯಾನಿಕ್ ಮಾಯಿಲಪ್ಪನಲ್ಲಿಗೆ ಒಯ್ದರು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಎಂಜಿನಿಗೆ ತಿಳಿಸುವ ಸೆನ್ಸರ್ ಒಂದುಂಟಂತೆ, ಬೆರಳುದ್ದದ್ದು. ಅದಕ್ಕೆ ಮೀಟರ್ ಸಿಕ್ಕಿಸಿ, ಎಂಜಿನಿನ ಗಾಳಿ ಹೆಚ್ಚು ಕಡಿಮೆ ಮಾಡಿ ನೋಡಿದ. ರೀಡಿಂಗ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. "ಇದು ಸತ್ತು ಎಷ್ಟೋ ಕಾಲ ಆಯ್ತು ಮಾರಾಯ್ರೇ. ಪೆಟ್ರೋಲ್ ಸಾಲದು ಸಾಲದು ಅಂತ ಎಂಜಿನಿಗೆ ಸುಳ್ಳು ಹೇಳ್ತಾ ಉಂಟು, ಅದು ಕುಡಿದದ್ದೇ ಕುಡಿದದ್ದು, ವಿಷದ ಹೊಗೆ ಬಿಟ್ಟದ್ದೇ ಬಿಟ್ಟದ್ದು. ಹೊಗೆ ಪೈಪಿನಲ್ಲಿ ತೂತೂ ಉಂಟು, ಹಿಂದಿನ ಸೀಟಿನ ಅಡಿಗೇ. ಆ ಹೊಗೆ ಒಳಗೆ ತುಂಬಿದರೆ ನಿದ್ದೆ ಬರ್ತದೆ, ಇಲ್ಲದ ಸ್ವರ ಕೇಳ್ತದೆ. ಮತ್ತೆ ಏಳ್ಲಿಕ್ಕಿಲ್ಲ" ಎಂದ.

ಹೊಸ ಸೆನ್ಸರ್ ಹಾಕಿ ಪೈಪ್ ಬೆಸೆದ ಮೇಲೆ ದೀಪ ಆರಿತು. ನಿನಗೆ ಕೇಳಿದ್ದು ಹೊಗೆಯ ಕೆಲಸ, ಉಮ್ಮನ ಸಿಟ್ಟಲ್ಲ. ಹೋದವರು ತಿರುಗಿ ಬರುವುದಿಲ್ಲವೆಂದು ಉಸ್ತಾದರೂ ಹೇಳುತ್ತಾರೆ. ಹೆದರದೆ ಬಾ.

ನೀನು ಎಲ್ಲಿದ್ದರೂ ಅಲ್ಲಾಹನ ಕಾವಲಿರಲಿ.

ನಿನ್ನ ಅಕ್ಕ
ಜುಲೈಕಾ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು: ಆ ದಿನ ಮಗು ಮಲಗಿದ್ದದ್ದು ಉಮ್ಮನ ಜಾಗದಲ್ಲಿ. ಅಲ್ಲಿಯ ಗ್ಲಾಸ್ ನಾಲ್ಕು ಬೆರಳು ಇಳಿದಿತ್ತು, ಗಾಳಿ ನೇರ ಮಗುವಿನ ಮುಖಕ್ಕೆ ಬೀಸುತ್ತಿತ್ತು. ಉಮ್ಮ ಬದುಕಿದ್ದಾಗ, ಧೂಳು ಬರುತ್ತದೆಂದರೂ ಕೇಳದೆ ಇಳಿಸಿಬಿಡುತ್ತಾರೆಂದು ನೀನೇ ಅದನ್ನು ತಿರುಗಿಸುವ ಹಿಡಿ ಕಳಚಿದ್ದೆಯಲ್ಲ, ಅಂದಿನಿಂದ ಅದು ಮುಚ್ಚಿಯೇ ಇದ್ದದ್ದು. ಹಿಡಿ ನಮ್ಮ ಕಪಾಟಿನಲ್ಲಿ ಉಂಟು. ತಾನಾಗಿ ಜಾರಿರಬಹುದು ಎಂದ ಮಾಯಿಲಪ್ಪ. ಇರಬಹುದು. ಈಗ ಎಷ್ಟು ಎಳೆದರೂ ಅದು ಮೇಲೆ ಏರುವುದಿಲ್ಲ. ಹಾಗೇ ಇರಲಿ ಎಂದೆ. ನೀನು ಬಂದು ನಿನ್ನ ಕೈಯಿಂದಲೇ ಆ ಹಿಡಿ ಕೂರಿಸು.