ಮುನೇಶ್ವರನ ಗುಡ್ಡದ ಏಳು ಮರಗಳು

ಚಂದಾಪುರ
೮ ಫೆಬ್ರವರಿ ೨೦೨೫, ಶನಿವಾರ

ಪ್ರೀತಿಯ ತಮ್ಮ ನಂದೀಶನಿಗೆ ನಿನ್ನಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯೋ? ಪೀಣ್ಯದಲ್ಲಿ ಫ್ಯಾಕ್ಟರಿ ಗೇಟು ಕಾಯುತ್ತಾ ನಿಂತು ನಿಂತು ನಿನ್ನ ಕಾಲು ಊದಿಕೊಳ್ಳುತ್ತಿದೆ ಅಂತ ವೇಣಿ ಹೇಳಿದಳು. ಅದಕ್ಕಾಗಿ ಹೆಂಡತಿಯನ್ನು ಬೈಯಬೇಡ, ನಾನೇ ಪೀಡಿಸಿ ವಿಳಾಸ ತೆಗೆದುಕೊಂಡೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂತುಕೋ, ಊತ ಇಳಿಯುತ್ತದೆ. ಒಂದೇ ಬೆಂಗಳೂರಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ನೀನು. ಹತ್ತು ತಿಂಗಳಾಯಿತು, ನನ್ನ ಫೋನು ಎತ್ತಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೆ ಓದಿ ಹರಿ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ಕಾಫಿಗೆ ಬೆಲ್ಲ ಹಾಕಿಕೊಳ್ಳುತ್ತಾಳೆ, ಕೇಳಿದರೆ ಬೆಲ್ಲ ಸಕ್ಕರೆ ಹೆಂಗಾಯ್ತದೆ ಅಂತ ನನ್ನ ಮೇಲೇ ರೇಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಾರ್ಚಿನಲ್ಲಿ ನಮ್ಮೂರ ಮುನೇಶ್ವರನ ಗುಡ್ಡ ಹೊತ್ತಿ ಉರಿಯಿತಲ್ಲ, ಆ ಸುಟ್ಟ ಮರಗಳನ್ನು ಮಾದರಿ ಇಟ್ಟುಕೊಂಡು ಜೇಡಿಮಣ್ಣಿನಲ್ಲಿ ಏಳು ಮರ ಮಾಡಿದ್ದೇನೆ. ಎರಡು ಜಾಲಾರಿ, ಮೂರು ಕಗ್ಗಲಿ, ಎರಡು ದಿಂಡಿಗ. ಹಸಿಮಣ್ಣನ್ನು ಚಪಾತಿಯ ಹಾಗೆ ಲಟ್ಟಿಸಿ ಕರಕಲು ಕಾಂಡಕ್ಕೆ ಒತ್ತಿ ಹಿಡಿದರೆ ತೊಗಟೆಯ ಒಂದೊಂದು ಬಿರುಕೂ ಅದರಲ್ಲಿ ಮೂಡುತ್ತದೆ. ಆ ಹಾಳೆಗಳನ್ನು ಸುತ್ತಿ ಕಾಂಡ ಮಾಡಿ, ಒಣಗಿಸಿ, ಗೂಡಿನಲ್ಲಿ ಸುಡಬೇಕು. ಇನ್ನೂ ಕೆಂಪಗೆ ಕಾದಿರುವಾಗಲೇ ಇಕ್ಕಳದಲ್ಲಿ ಎತ್ತಿ ಮರದ ಹೊಟ್ಟಿನಲ್ಲಿ ಹೂತರೆ ಹೊಗೆ ಕುಡಿದು ಕಪ್ಪಾಗುತ್ತದೆ. ನನ್ನ ಗೂಡು ಚಿಕ್ಕದಲ್ಲವೇ, ಒಂದೊಂದು ಮರವನ್ನೂ ಆರೇಳು ತುಂಡಾಗಿ ಸುಟ್ಟು ಒಂದರ ಮೇಲೊಂದು ಕೂರಿಸಿದೆ. ಗುಡ್ಡದ ಬೂದಿಯನ್ನೇ ಜರಡಿ ಹಿಡಿದು ಮೇಲೆ ಬಳಿಯುವ ಮೆರುಗಿಗೆ ಬೆರೆಸಿದೆ. ಇಷ್ಟು ಒಳ್ಳೆಯ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಅದನ್ನು ನಿನಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಏಳನ್ನೂ ವೈಟ್‌ಫೀಲ್ಡಿನ ಒಂದು ಕಂಪನಿ ಕೊಂಡುಕೊಂಡು, ತನ್ನ ಕಟ್ಟಡದ ಕೆಳಮಹಡಿಯಲ್ಲಿ, ಒಳಗೆ ಬಂದವರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿದೆ. ಹೋದ ಭಾನುವಾರ ಉದ್ಘಾಟನೆ. ಅವರ ದೊಡ್ಡ ಸಾಹೇಬ ಮನುಷ್ಯನ ದುರಾಸೆಯ ಬಗ್ಗೆ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ. ನಾನು ಹೂಗುಚ್ಛ ಹಿಡಿದುಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಹಿತ್ತಾಳೆಯ ಫಲಕ, ಅದರ ಮೇಲೆ, ಕಾವಲಿಗಿದ್ದವನೇ ಎಸೆದ ಬೀಡಿಯಿಂದ ಸುಟ್ಟುಹೋದ ಕಾಡಿನ ನೆನಪಿಗೆ ಅಂತ ಕೆತ್ತಿಸಿದ್ದಾರೆ. ನಿನ್ನ ಹೆಸರಿಲ್ಲ. ನಮ್ಮೂರಿನವರಿಗೆ ಹೆಸರು ಬೇಕೂ ಇಲ್ಲ. ಬರೆಸುವ ಮುಂಚೆ ನನಗೆ ತೋರಿಸಿದ್ದರು, ನಾನು ಸರಿ ಅಂದಿದ್ದೆ. ಬೈಯುವುದಾದರೆ ಅದಕ್ಕೂ ಸೇರಿಸಿ ಬೈದುಬಿಡು.

ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಆ ನುಣುಪು ಕಲ್ಲಿನ ನೆಲದ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಒಂದೊಂದೇ ಮರ ನೋಡುತ್ತಾ ಬಂದು ಮೂರನೆಯದರ ಮುಂದೆ ನಿಂತಳು. ಅದು ಗುಡಿಯ ಹಿಂದಿನ ಜಾಲಾರಿ. ಕೈಮುಗಿದು, ನನ್ನ ಕಿವಿಯ ಹತ್ತಿರ ಬಾಗಿ, ಯಾರೋ ಕೊಟ್ಟ ಸೀರೆಯ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ನಾನೇ ಕಣೇ ಬೆಂಕಿ ಅಚ್ಚಿದ್ದು. ಈ ಮರ ಮಾಡೋಕ್ ಮುಂಚೆ ನಿನ್ ಗೂಡ್ನಾಗೆ ಮೂರ್ ಸತಿ ಎಲ್ಲಾ ಒಡ್ದೋಯ್ತಲ್ಲ, ಒಂದ್ ಸತಿ ಒಡೀದಂಗೆ ಕೊಡಪ್ಪಾ, ಗುಡ್ಡಕ್ಕೆ ಬೆಂಕಿ ಸೇವೆ ಮಾಡ್ತೀನಿ ಅಂತ ಮುನೇಸ್ಪರಂಗೆ ಅರಕೆ ಕಟ್ಕಂಡಿದ್ದೆ. ಒಡೀದಂಗೆ ಬಂತಲ್ಲ, ತೀರ್ಸ್ದೆ. ಉರೀನ ಗುಡ್ಡದ್ ತುದೀಗಂಟ ಅತ್ತುಸ್ಕಂಡ, ಒಳ್ಳೇದೇ ಮಾಡ್ದ."

ಅಜ್ಜಿ ಕಾಲದಲ್ಲಿ ಹರಕೆ ಹೊತ್ತವರು ಗುಡಿಯ ಮುಂದಿನ ಒಂದು ಹಿಡಿ ಹುಲ್ಲು ಹಚ್ಚುತ್ತಿದ್ದರಂತೆ. ಆಗ ಊರಿನ ದನವೆಲ್ಲ ಅಲ್ಲೇ ಮೇಯುತ್ತಿದ್ದವು, ಉರಿ ನಾಲ್ಕು ಮಾರು ಹೋಗಿ ತಾನೇ ಆರುತ್ತಿತ್ತು. ಉರಿ ಎಷ್ಟು ಮೇಲೆ ಹತ್ತಿದರೆ ದೇವರು ಅಷ್ಟು ಒಲಿದ ಅಂತ ಲೆಕ್ಕ. ಈಗ ದನ ಎಲ್ಲಿವೆ? ಕೊಟ್ಟಿಗೆ ಇದ್ದ ಕಡೆಯೆಲ್ಲ ಬಾಡಿಗೆ ಮನೆ. ಗುಡ್ಡದ ತುಂಬ ಆಳೆತ್ತರದ ಲಂಟಾನ ಪೊದೆ. ಅಮ್ಮ ಹಚ್ಚಿದ್ದು ಒಂದು ಹಿಡಿ ಹುಲ್ಲೇ, ಹೋದದ್ದು ಇಡೀ ಗುಡ್ಡ. "ನಂದೀಸ ಬಂದ, ನಾನ್ ಒಡ್ದಿದ್ದ ತೆಂಗಿನ್‌ಕಾಯಿ ಓಳು ಎತ್ಕಂಡು ಪೊದೆಗೆ ಎಸ್ದ, ಮನೆಗ್ ಓಗವ್ವಾ ಅಂದ" ಅಂತಲೂ ಹೇಳಿದಳು. ನಿನ್ನ ಮೇಲೆ ಕೇಸು ಇರುವುದು ಅವಳಿಗೆ ಈವತ್ತಿಗೂ ಗೊತ್ತಿಲ್ಲ. ಮುನೇಶ್ವರ ಒಲಿದದ್ದಕ್ಕೇ ನಿನಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿತು ಅಂತ ತಿಳಿದಿದ್ದಾಳೆ.

ನನಗೆ ನಿನ್ನ ಮೇಲೆ ಎಂಥಾ ಸಿಟ್ಟು ಬಂತು ಗೊತ್ತೇನೋ? ಅರಣ್ಯ ಇಲಾಖೆಯ ದಿನಗೂಲಿ ಬೆಂಕಿ ಕಾವಲುಗಾರ ನೀನು. ಹನ್ನೊಂದು ಬೇಸಿಗೆ ಆ ಗುಡ್ಡ ಕಾದಿದ್ದೆ, ಮುಂದಿನ ವರ್ಷ ಕೆಲಸ ಕಾಯಂ ಆಗುವುದರಲ್ಲಿತ್ತು. ಅಧಿಕಾರಿಗಳು ಕೇಳಿದಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಊರವರು ಉಗಿದರು, ಹೆಂಡತಿಯನ್ನು ಕಟ್ಟಿಕೊಂಡು ಊರೇ ಬಿಟ್ಟೆ. ಒಡಹುಟ್ಟಿದವಳಿಗೆ ಒಂದು ಮಾತು ಹೇಳಬಾರದಿತ್ತೇ? ಹೀಗೆ ಮನಸ್ಸಿನಲ್ಲೇ ಬೈಯುತ್ತಾ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತಿದ್ದೆ. ವರ್ತೂರು ದಾಟುವಷ್ಟರಲ್ಲಿ ಬೈಗುಳ ಖಾಲಿಯಾಯಿತು. ನೀನು ಬೀಡಿ ಎಸೆದದ್ದನ್ನು ಕಣ್ಣಾರೆ ಕಂಡೆ ಅಂತ ಆ ಅಧಿಕಾರಿಗಳಿಗೆ ಬರೆದುಕೊಟ್ಟವಳು ನಾನೇ ತಾನೆ, ನನಗೆ ಯಾವ ಬಾಯಿಂದ ಹೇಳುತ್ತಿದ್ದೆ?

ಇಪ್ಪತ್ತನೇ ತಾರೀಖು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಮುಗಿಸಿಬಿಡುತ್ತೀಯ ಅಂತ ವೇಣಿ ಅತ್ತಳು. ಹಾಗೆ ಮಾಡಬೇಡ, ನಿನ್ನ ದಮ್ಮಯ್ಯ. ನಾನು ಬಂದು, ದೂರದಿಂದ ಕಂಡದ್ದು, ತಪ್ಪು ತಿಳಿದು ಬರೆದುಕೊಟ್ಟೆ ಅಂತ ಹೇಳಿಕೆ ವಾಪಸ್ ತೆಗೆದುಕೊಳ್ಳುತ್ತೇನೆ. ಅಮ್ಮನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಅವಳಿಗೆ ಎಪ್ಪತ್ತಮೂರು. ನಿನ್ನ ಬಾಯಿಂದ ಬರಬೇಕೋ ಬೇಡವೋ, ಅದು ನಿನಗೇ ಬಿಟ್ಟದ್ದು. ಹೇಳಿದರೂ ನಾನು ಒಂದು ಮಾತು ಆಡುವುದಿಲ್ಲ. ಫಲಕ ತೆಗೆಯಿರಿ ಅಂತ ಕಂಪನಿಯವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ವೇಣಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಆ ದೇವರು ಯಾರಿಗೆ ಒಲಿದಿದ್ದಾನೋ ನನಗಂತೂ ತಿಳಿಯದು, ಇನ್ನಾದರೂ ನಿನ್ನ ಕಡೆ ನೋಡಲಿ.

ನಿನ್ನ ಅಕ್ಕ,
ಶ್ಯಾಮಲಾ

ತಾ.ಕ: ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ತಪ್ಪು ತಿಳಿದು ಅಂತ ಮೇಲೆ ಬರೆದದ್ದು ಸುಳ್ಳು ಕಣೋ. ಆ ದಿನ ನಾನು ಗುಡ್ಡದ ಕಡೆ ಬಂದೇ ಇರಲಿಲ್ಲ, ಇಲ್ಲೇ ನನ್ನ ಗೂಡಿನ ಶೆಡ್ಡಿನಲ್ಲಿದ್ದೆ. ಉರಿ ಆರಿದ ಮೇಲೆ ಸುಟ್ಟ ಕಾಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಿಡಿ ಅಂತ ಕೇಳಲು ಹೋದರೆ ಅಲ್ಲಿದ್ದ ಅರಣ್ಯ ಇಲಾಖೆಯ ಸಾಹೇಬರು, "ನಿಮ್ ತಮ್ಮ ಬೀಡಿ ಎಸೆದಿದ್ದು ನೋಡ್ದೆ ಅಂತ ಒಂದ್ ಲೈನ್ ಬರ್ಕೊಡಿ ಮೇಡಂ, ನಾಳೆಯಿಂದ್ಲೇ ಒಳಗ್ ಹೋಗಿ ನಿಮ್ ಕೆಲ್ಸ ಮಾಡ್ಕೊಳ್ಳಿ" ಅಂದರು. ನಿಂತ ಕಾಲಲ್ಲೇ ಬರೆದುಕೊಟ್ಟೆ. ಕೋರ್ಟಿನಲ್ಲಿ ಹೀಗೇ ಹೇಳುತ್ತೇನೆ, ನಿನಗೆ ಮೊದಲು ತಿಳಿದಿರಲಿ. ನಿನ್ನ ಗತಿ ಏನಾದೀತು ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ. ಮಳೆ ಬಿದ್ದು ಬೂದಿ ತೊಳೆದುಹೋದೀತು ಅನ್ನುವುದೊಂದೇ ಆವತ್ತು ನನಗಿದ್ದ ಭಯ.