ಮ ಅಂದರೆ ಮಾವ

ತಾ. 3, ಸೋಮವಾರ

ಮೂವತ್ತೊಂದು ಮನೆ ಮುಗಿಯಿತು. ಕಾಲು ಬಿದ್ದುಹೋಗಿವೆ. ಬೆಳಗ್ಗೆ ಶಾಲೆ, ಮಧ್ಯಾಹ್ನದಿಂದ ಚುನಾವಣೆ ಕೆಲಸ. ಎಲ್ಲ ಬಾಗಿಲಲ್ಲೂ ಅದೇ ಪಾಠ — ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ, ಗುರುತಿನ ಚೀಟಿ ತನ್ನಿ, ಗುಂಡಿ ಒತ್ತಿ, ದೀಪ ಹತ್ತಿತಾ ನೋಡಿ. ಒಬ್ಬಾಕೆ ಕೇಳಿದಳು, "ಎಲ್ಲಾ ಸರಿ ಮೇಡಂ, ಯಾರಿಗೆ ಒತ್ತೋದು?" ಅದೊಂದು ನನ್ನ ಸಿಲಬಸ್‌ನಲ್ಲಿಲ್ಲ ಅಂದೆ.

ನಡೆಯಲಾರದ ಹಿರಿಯರಿಗೆ ಈ ಸಲ ಮನೆಯಲ್ಲೇ ಮತದಾನ. ಮಾವನಿಗೂ ಒಂದು ಫಾರಂ ತುಂಬಿದೆ. ಮಂಡಿ ಎರಡೂ ಹೋಗಿವೆ, ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕು. "ವೋಟಿನ ಕಾಗದ, ಸಹಿ ಹಾಕಿ" ಅಂದೆ. ಕನ್ನಡಕವನ್ನೂ ಹುಡುಕದೆ ಹಾಕಿಕೊಟ್ಟರು. ಓದಿ ಹೇಳಬೇಕಿತ್ತು. ಒಲೆ ಮೇಲೆ ಹಾಲಿತ್ತು...

ತಾ. 9, ಭಾನುವಾರ

ಮಾವ ಗೋಡೆ ಬಿಟ್ಟು ಗೇಟಿನವರೆಗೆ ನಡೆದರು! ಇದೇನು ಹೊಸ ಶೋಕಿ ಅಂದೆ.

"ಬೂತ್‌ಗೆ ನಾನೂರು ಹೆಜ್ಜೆ ಕಣಮ್ಮ. ಇವತ್ತಿಗೆ ತೊಂಬತ್ತಾಯ್ತು. ಮೂವತ್ತು ವರ್ಷ ಕಂಡಕ್ಟರ್ ಆಗಿ ಜನಾನ ಸಾಲಲ್ಲಿ ನಿಲ್ಲಿಸಿದೀನಿ. ಐದು ವರ್ಷಕ್ಕೊಂದ್ಸಲ ನಾನೂ ನಿಲ್ಲೋದು ಬೇಡ್ವಾ?"

ಅವರು ಸಹಿ ಹಾಕಿದ ಫಾರಂ ಆಗಲೇ ಆಫೀಸಿಗೆ ಕೊಟ್ಟಾಗಿದೆ.

ತಾ. 12, ಬುಧವಾರ

ಮಾವನ ಫಾರಂ ವಾಪಸ್ ತಗೋಬಹುದಾ ಅಂತ ಚುನಾವಣೆ ಮೇಲ್ವಿಚಾರಕರನ್ನು ಕೇಳಿದೆ. "ಪಟ್ಟಿ ಪ್ರಿಂಟಾಗಿ ಹೋಯ್ತಲ್ಲ ಮೇಡಂ. ಮನೇಲಿ ಅಂತ ಬರೆದುಕೊಟ್ರೆ ಮನೇಲೇ. ಬೂತಲ್ಲಿ ಹಾಕೋಕೆ ಬರಲ್ಲ." ಮಾವನ ಹೆಸರಿನ ಪಕ್ಕ ಕೆಂಪಗೆ 'ಮ'. ಮನೆ ಅಂತ. ಓದದೆ ಎಲ್ಲೂ ಸಹಿ ಹಾಕಬೇಡಿ ಅಂತ ಊರಿಗೆಲ್ಲ ಹೇಳಿದ ಬಾಯಿ ನನ್ನದು.

ನಿಜ ಬರೆಯುತ್ತೇನೆ. ಮಂಡಿ ಒಂದು ನೆಪ ಅಷ್ಟೇ. ಮತದಾನದ ದಿನ ಅವರ ಕೈ ಹಿಡಿದು ಕರೆದೊಯ್ಯುವ ಕೆಲಸವೊಂದು ತಪ್ಪಲಿ ಅಂತಿತ್ತು.

ತಾ. 15, ಶನಿವಾರ

ಮಾವ ನನ್ನ ಚೀಲದಿಂದ ಪಟ್ಟಿ ತೆಗೆದು ನೋಡುತ್ತಾ ಕೂತಿದ್ದರು. "ಇದೇನಮ್ಮ ಮ ಅಂತ? ಮೃತ ಅಂತ ಬರ್ಕೊಂಡ್ಬಿಟ್ರಾ?"

"ಮ ಅಂದ್ರೆ ಮಾವ" ಅಂದೆ. ಬಾಯಿಗೆ ಬಂದುಬಿಟ್ಟಿತು. ಕೆಮ್ಮು ಬರುವಷ್ಟು ನಕ್ಕರು. ನಾಳೆ ಹೇಳಿಬಿಡಬೇಕು.

ತಾ. 18, ಮಂಗಳವಾರ

ಹೇಳಿಲ್ಲ. ಮನೆ ಮತದಾನದ ತಂಡದವರು ಶಾಲೆಗೆ ಫೋನ್ ಮಾಡಿದರು. "ನಿಮ್ಮ ಮಾವ ಗೇಟೇ ತೆಗೀಲಿಲ್ಲ ಮೇಡಂ. ಮನೆಗೆ ಬಂದು ಟಿಕೆಟ್ ಕೊಡೋ ಬಸ್ ಯಾವುದ್ರಯ್ಯಾ ಅಂತಾರೆ. ಇದು ಎರಡನೇ ಸಲ, ಇನ್ನು ಬರಲ್ಲ."

"ಬೂತಲ್ಲಿ ಹಾಕೋಕಾಗಲ್ಲ ಅಂತ ಹೇಳಿದ್ರಾ?"

"ಅವರು ಕೇಳಿಸ್ಕೊಂಡ್ರೆ ತಾನೇ!"

ತಾ. 19, ಬುಧವಾರ

ನಾನೂರ ಹತ್ತು ಹೆಜ್ಜೆ. ಕಟ್ಟೆ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಮಾವ, ಒಂದು ಮಾತು... ಅಂದೆ. "ಹೋಲ್ಡಾನ್" ಅಂತ ಬಸ್ ನಿಲ್ಲಿಸುವ ಹಾಗೆ ಕೈ ಎತ್ತಿದರು. ಉಸಿರು ಬಂದ ಮೇಲೆ ಕೇಳಿದ್ದು, ಬಿಳಿ ಅಂಗಿ ಎಲ್ಲಿದೆ ಅಂತ. ಇಸ್ತ್ರಿ ಮಾಡಿಕೊಟ್ಟೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ತಾ. 22, ಶನಿವಾರ, ಬೆಳಗ್ಗೆ 11.10, ಬೂತ್

ಐದು ನಿಮಿಷ ಬಿಡುವು. ಪಟ್ಟಿ ನೋಡುವ ಮೊದಲ ಮೇಜು ನನ್ನದು. ನೀರು ಕುಡಿಯಲು ಎದ್ದರೆ ಕಿಟಕಿಯಾಚೆ ಬಿಳಿ ಅಂಗಿ. ಒಬ್ಬರೇ ನಡೆದು ಬಂದಿದ್ದಾರೆ. ಗಾಲಿ ಕುರ್ಚಿ ತಂದವರನ್ನು ಗದರಿ ಕಳಿಸಿದರು. ಸಾಲು ಸರಿದಾಗೆಲ್ಲ "ರೈಟ್, ರೈಟ್" ಅನ್ನುತ್ತಾರೆ, ಜನ ನಗುತ್ತಾರೆ.

ಹಿಂದೆ ನಿಂತವರಿಗೆ ಹೇಳುತ್ತಿರುವುದು ಇಲ್ಲಿಗೂ ಕೇಳುತ್ತಿದೆ. "ನನ್ನ ಹೆಸರಿನ ಪಕ್ಕ ಕೆಂಪಗೆ ಮ ಅಂತ ಹಾಕಿದಾರೆ ಕಣ್ರೀ. ಮಾವ ಅಂತ. ಒಳಗೆ ಕೂತಿರೋದು ನಮ್ಮ ಸೊಸೆ."

ಅವರ ಮುಂದೆ ಇನ್ನು ಇಬ್ಬರೇ. ಮೇಜಿನಿಂದ ಕರೆಯುತ್ತಿದ್ದಾರೆ. ಸಾಲಿನಿಂದ ಈಚೆ ಕರೆದು ಹೇಳಲೇ? ಇಲ್ಲಾ ಎಲ್ಲರೆದುರೇ, ಪಟ್ಟಿ ತೋರಿಸಿ, ಮಾವ, ಆ ಮ ಅಂದ್ರೆ...